ತರಂಗಮುಖದ ಕ್ಯಾಮೆರಾ: ವೇಗಕ್ಕಿಂತ ತಡವೇ ಮುಖ್ಯವೆಂದು ನಾನು ಕಂಡುಕೊಂಡ ಬಗೆ

ಪುಣೆಯ ಪಾಷಾಣದಲ್ಲಿರುವ ನಮ್ಮ ಬಾಡಿಗೆ ಮನೆಯ ಒಳಕೋಣೆಯಲ್ಲಿ, ಹುಬ್ಬಳ್ಳಿಯ ಗೆಳೆಯನೊಬ್ಬನ ಜೊತೆಗೂಡಿ, ಗಾಳಿಯ ಕದಡನ್ನು ಬಾಗುವ ಕನ್ನಡಿಯಿಂದ ಆಗಿಂದಾಗಲೇ ತಿದ್ದುವ ಅಡಾಪ್ಟಿವ್ ಆಪ್ಟಿಕ್ಸ್‌ನ ಒಂದು ಮೇಜು ಮಾದರಿಯನ್ನು ಕಟ್ಟಿದೆ. ಇದೇ ಊರಿನ ಖಗೋಳ ಸಂಶೋಧನಾ ಸಂಸ್ಥೆ ಅಯುಕಾ ಅಮೆರಿಕದ ಕ್ಯಾಲ್ಟೆಕ್ ವಿಶ್ವವಿದ್ಯಾಲಯದ ಜೊತೆ ಸೇರಿ ರೂಪಿಸಿದ, ಇದೇ ಬಗೆಯ ರೋಬೋ-ಎಒ ಉಪಕರಣ ಅಲ್ಲಿನ ಪಾಲೋಮಾರ್ ವೀಕ್ಷಣಾಲಯದ 1.5 ಮೀಟರ್ ದೂರದರ್ಶಕದಲ್ಲಿ ಕೆಲಸ ಮಾಡಿದ್ದನ್ನು ಓದಿದಂದಿನಿಂದ ಈ ಆಸೆ ಮನಸ್ಸಿನಲ್ಲಿತ್ತು.

ವಾತಾವರಣ ಕದಡಿದ ನಕ್ಷತ್ರದ ಬೆಳಕನ್ನು ಪುಟ್ಟ ಮಸೂರಗಳ ಸಾಲು ಹಲವು ಚುಕ್ಕಿಗಳಾಗಿ ಕ್ಯಾಮೆರಾದ ಮೇಲೆ ಬೀಳಿಸುತ್ತದೆ. ಪ್ರತಿ ಚುಕ್ಕಿ ಎಷ್ಟು ಸರಿದಿದೆಯೆಂದು ಅಳೆದು, ತರಂಗಮುಖ, ಅಂದರೆ ಬೆಳಕಿನ ಅಲೆಯ ಮುಂಭಾಗ, ಎಲ್ಲಿ ಎಷ್ಟು ಬಾಗಿದೆಯೆಂದು ತಿಳಿದು, ಬಾಗುವ ಕನ್ನಡಿಯನ್ನು ಅದಕ್ಕೆ ತಕ್ಕಂತೆ ತಿದ್ದಬೇಕು. ಗಾಳಿಯ ಕದಡು ಕೆಲವೇ ಮಿಲಿಸೆಕೆಂಡುಗಳಲ್ಲಿ ಬದಲಾಗುವುದರಿಂದ ಈ ಕೆಲಸ ಸೆಕೆಂಡಿಗೆ ನೂರಾರು ಸಲ ನಡೆಯಬೇಕು. ನಮ್ಮ ಮೇಜಿನ ಮೇಲೆ ನಕ್ಷತ್ರದ ಬದಲು ಲೇಸರ್ ಇತ್ತು, ವಾತಾವರಣದ ಬದಲು ವಿದ್ಯುತ್ ಒಲೆಯ ಮೇಲಿಟ್ಟ ಕಾವಲಿಯ ಬಿಸಿಗಾಳಿ.

ಮೊದಲ ಕ್ಯಾಮೆರಾ ರೋಲಿಂಗ್ ಶಟರಿನದು. ಅದು ಮೇಲಿನ ಸಾಲನ್ನೂ ಕೆಳಗಿನ ಸಾಲನ್ನೂ ಬೇರೆ ಬೇರೆ ಗಳಿಗೆಯಲ್ಲಿ ದಾಖಲಿಸುವುದರಿಂದ, ಮೇಜು ಸುಮ್ಮನೆ ಅದುರಿದರೂ ಇಲ್ಲದ ಬಾಗನ್ನು ಇದೆಯೆಂದು ಗಣಕ ಲೆಕ್ಕ ಹಾಕುತ್ತಿತ್ತು. ಅದನ್ನು ತೆಗೆದು, ಇಡೀ ಚಿತ್ರವನ್ನು ಏಕಕಾಲಕ್ಕೆ ಹಿಡಿಯುವ, ಸೆಕೆಂಡಿಗೆ 500 ಫ್ರೇಮುಗಳ ಗ್ಲೋಬಲ್ ಶಟರ್ ಕ್ಯಾಮೆರಾ ಕೂರಿಸಿದೆ. ಆದರೂ ತಿದ್ದುಪಡಿಯ ಗೇನ್, ಅಂದರೆ ಅಳೆದ ತಪ್ಪಿನಲ್ಲಿ ಪ್ರತಿ ಸಲ ತಿದ್ದುವ ಪಾಲು, 0.25 ದಾಟಿದೊಡನೆ ಕನ್ನಡಿ ತೂಗಾಡತೊಡಗುತ್ತಿತ್ತು.

ಎರಡು ವಾರ ನನ್ನ ಲೆಕ್ಕದಲ್ಲೇ ತಪ್ಪು ಹುಡುಕಿದೆ. ಕೊನೆಗೆ ಗೆಳೆಯನ ಸಲಹೆಯಂತೆ ಮಸೂರಗಳ ಮುಂದೆ ಎಲ್‌ಇಡಿಯೊಂದನ್ನು ಇಟ್ಟು, ಅದು ಬೆಳಗಿದ ಕ್ಷಣವನ್ನೂ ಕನ್ನಡಿಯ ವೋಲ್ಟೇಜ್ ಬದಲಾದ ಕ್ಷಣವನ್ನೂ, ವಿದ್ಯುತ್ ಸಂಕೇತಗಳನ್ನು ಗೆರೆಯಾಗಿ ತೋರಿಸುವ ಆಸಿಲೋಸ್ಕೋಪಿನಲ್ಲಿ ಒಟ್ಟಿಗೆ ನೋಡಿದೆ. ನಡುವೆ 11 ಮಿಲಿಸೆಕೆಂಡು ಕಳೆದಿತ್ತು, ಅಂದರೆ ಐದು ಫ್ರೇಮಿಗೂ ಹೆಚ್ಚು. ಕ್ಯಾಮೆರಾದ ಚಾಲಕ ತಂತ್ರಾಂಶ ನಾಲ್ಕು ಚಿತ್ರಗಳನ್ನು ಸರದಿಯಲ್ಲಿ ನಿಲ್ಲಿಸಿಕೊಂಡು ಹಳೆಯದನ್ನೇ ಮೊದಲು ಕೊಡುತ್ತಿದ್ದುದರಿಂದ, ಆಗಲೇ ಕಳೆದುಹೋದ ಗಾಳಿಯನ್ನು ನಾವು ತಿದ್ದುತ್ತಿದ್ದೆವು. ಸರದಿಯನ್ನು ಒಂದಕ್ಕೆ ಇಳಿಸಿದಾಗ ತಡ 5 ಮಿಲಿಸೆಕೆಂಡಿಗೆ ಬಂತು, ಗೇನ್ 0.45ರಲ್ಲೂ ಕನ್ನಡಿ ನಿಶ್ಚಲವಾಗಿ ನಿಂತಿತು. ಆ ರಾತ್ರಿ ಹರಡಿದ್ದ ಲೇಸರ್ ಬಿಂದು ಕಣ್ಣೆದುರೇ ಕೂಡಿ ಬಂದದ್ದನ್ನು ಕಂಡು ಇಬ್ಬರೂ ಬಹಳ ಹೊತ್ತು ಮಾತಾಡಲಿಲ್ಲ.

ಲೇಸರಿಗೆ ಬೆಳಕಿನ ಬಡತನವಿಲ್ಲ. ನಿಜವಾದ ನಕ್ಷತ್ರದ ಮಾತು ಬೇರೆ. ಹತ್ತನೇ ಕಾಂತಿಮಾನದ, ಅಂದರೆ ಬರಿಗಣ್ಣಿಗೆ ಕಾಣದಷ್ಟು ಮಂದ ನಕ್ಷತ್ರದಿಂದ 20 ಸೆಂಟಿಮೀಟರ್ ಬದಿಯ ಚೌಕದಷ್ಟು ಜಾಗಕ್ಕೆ ಒಂದು ಮಿಲಿಸೆಕೆಂಡಿನಲ್ಲಿ ಬರುವುದು ಸುಮಾರು 40 ಫೋಟಾನು (ಬೆಳಕಿನ ಕಣ), ಅದರಲ್ಲೂ ಕನ್ನಡಿ, ಮಸೂರಗಳಲ್ಲಿ ಕಳೆದು ಉಳಿಯುವುದು ಇನ್ನೂ ಕಡಿಮೆ. ಪ್ರತಿ ಪಿಕ್ಸೆಲ್ಲಿಗೆ ಕೆಲವು ಎಲೆಕ್ಟ್ರಾನುಗಳ ಓದುಗದ್ದಲವಿರುವ (ಸಂಕೇತವನ್ನು ಓದುವಾಗ ಸೇರುವ ಏರುಪೇರು) ನನ್ನ ಕ್ಯಾಮೆರಾದಲ್ಲಿ ಆ ಚುಕ್ಕಿ ಮುಳುಗಿಹೋಗುತ್ತದೆ. ಆದ್ದರಿಂದಲೇ ದೊಡ್ಡ ದೂರದರ್ಶಕಗಳವರು 240×240 ಪಿಕ್ಸೆಲ್ಲಿನ ಇಎಂಸಿಸಿಡಿಯಂಥ ಸೆನ್ಸರುಗಳನ್ನು ಬಳಸುತ್ತಾರೆ. ಅವು ಎಲೆಕ್ಟ್ರಾನುಗಳನ್ನು ಓದುವ ಮೊದಲೇ ಗುಣಿಸಿಕೊಂಡು, ಸೆಕೆಂಡಿಗೆ ಸಾವಿರಕ್ಕೂ ಹೆಚ್ಚು ಫ್ರೇಮುಗಳ ವೇಗದಲ್ಲೂ ಗದ್ದಲವನ್ನು ಒಂದು ಎಲೆಕ್ಟ್ರಾನಿಗಿಂತ ಕೆಳಗೆ ಇಡುತ್ತವೆ. ಅಂಥದ್ದು ನಮ್ಮ ಕೈಗೆ ಎಟುಕುವುದಿಲ್ಲ. ಮಳೆಗಾಲ ಮುಗಿದ ಮೇಲೆ ಮಾಳಿಗೆಯಿಂದ ಲುಬ್ಧಕದಂಥ (ಸಿರಿಯಸ್) ಅತಿ ಪ್ರಕಾಶದ ನಕ್ಷತ್ರವನ್ನೇ ಹಿಡಿಯಲು ಮೇಜನ್ನು ಸಿದ್ಧಮಾಡುತ್ತಿದ್ದೇವೆ.