ತೊಡೆದೇವು ಬಿಡಲಿಲ್ಲ, ಚಹಾದ ಸಕ್ಕರೆ ಬಿಟ್ಟೆ

ನನ್ನ ರಕ್ತಪರೀಕ್ಷೆಯಲ್ಲಿ ಎಚ್‌ಬಿಎ1ಸಿ (ಹಿಂದಿನ ಎರಡು-ಮೂರು ತಿಂಗಳ ಸರಾಸರಿ ಸಕ್ಕರೆಯ ಲೆಕ್ಕ) ಶೇ 6.1 ಬಂತು. 5.7ರಿಂದ 6.4ರವರೆಗೆ ಇದ್ದರೆ ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿ ಇದ್ದೀರಿ ಅಂತ ಲೆಕ್ಕ. ಡಾಕ್ಟರು ಮಾತ್ರೆ ಬರೆಯಲಿಲ್ಲ. "ಊಟ ನೋಡ್ಕಳಿ, ದಿನಾ ನಡೀರಿ" ಅಂದರು ಅಷ್ಟೆ. ನೆಂಟರು ಮಾತ್ರ ಓಟ್ಸ್, ಸಿರಿಧಾನ್ಯ, ರಾತ್ರಿ ಬರೀ ಚಪಾತಿ ಅಂತ ದೊಡ್ಡ ಪಟ್ಟಿಯನ್ನೇ ಕೊಟ್ಟರು. ಮಲೆನಾಡಿನ ಸಾಗರದಲ್ಲಿ ಹುಟ್ಟಿ ಬೆಳೆದವನಿಗೆ ನೀರುದೋಸೆ, ಕಡುಬು, ಅನ್ನ ತಂಬುಳಿ ಬಿಡು ಅಂದರೆ ಎಷ್ಟು ದಿನ ನಡೆದೀತು?

ನಾನು ಊಟದಲ್ಲಿ ಎರಡು ಪಾಲು ಮಾಡಿದೆ. ವರ್ಷವಿಡೀ ಕಾದು ತಿನ್ನುವಂಥವು ಒಂದು ಕಡೆ. ತಿಂದದ್ದೇ ನೆನಪಿರದಂಥವು ಇನ್ನೊಂದು ಕಡೆ. ಬಿಟ್ಟದ್ದೆಲ್ಲ ಎರಡನೇ ಪಾಲಿನದು.

ಅದರಲ್ಲಿ ದೊಡ್ಡದು ಚಹಾ. ದಿನಕ್ಕೆ ನಾಲ್ಕು ಲೋಟ, ಲೋಟಕ್ಕೆ ಎರಡು ಚಮಚ ಸಕ್ಕರೆ. ಚಮಚಕ್ಕೆ ಸುಮಾರು 4 ಗ್ರಾಂ ಅಂತ ಹಿಡಿದರೂ 32 ಗ್ರಾಂ ಆಯಿತು. ಹೊರಗಿನಿಂದ ಸೇರಿಸುವ ಸಕ್ಕರೆ ದಿನಕ್ಕೆ 25 ಗ್ರಾಂ ಒಳಗಿದ್ದರೆ ಒಳ್ಳೆಯದು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಆಫೀಸಿನ ಬಿಸ್ಕತ್ತು, ಬೇಕರಿ ಬನ್ನು ಲೆಕ್ಕಕ್ಕೆ ಬರುವ ಮೊದಲೇ ನಾನು ಗೆರೆ ದಾಟಿದ್ದೆ! ಒಮ್ಮೆಲೇ ಬಿಡದೆ ಎರಡು ಚಮಚ ಒಂದಾಯಿತು, ಆಮೇಲೆ ಅರ್ಧ, ಆಮೇಲೆ ಇಲ್ಲ. ಈಗ ಯಾರದಾದರೂ ಮನೆಯಲ್ಲಿ ಸಿಹಿ ಚಹಾ ಕೊಟ್ಟರೆ ಪಾಯಸ ಕುಡಿದಂತಾಗುತ್ತದೆ.

"ಸಕ್ಕರೆ ಬ್ಯಾಡ, ಬೆಲ್ಲ ಹಾಕ್ಕಳಿ, ಏನಾಗದಿಲ್ಲ" ಅನ್ನುವವರು ನಮ್ಮ ಕಡೆ ಜಾಸ್ತಿ. ಬೆಲ್ಲದಲ್ಲೂ ಇರುವುದು ಬಹುಪಾಲು ಸಕ್ಕರೆಯೇ. ರಕ್ತಕ್ಕೆ ಅದರ ಬಣ್ಣ ಕಾಣುವುದಿಲ್ಲ. ಹಾಗಾಗಿ ದೋಸೆಗೆ ದಿನಾ ಜೋನಿಬೆಲ್ಲ (ನೀರುಬೆಲ್ಲ) ಹಾಕಿಕೊಳ್ಳುವುದನ್ನೂ ನಿಲ್ಲಿಸಿದೆ. ಆದರೆ ಚಳಿಗಾಲದಲ್ಲಿ ಕಬ್ಬು ಅರೆದು ಬೆಲ್ಲ ಕಾಯಿಸುವ ಆಲೆಮನೆಗೆ ಹೋಗುವುದು ತಪ್ಪಿಸುವುದಿಲ್ಲ. ಅಲ್ಲಿ ಕಬ್ಬಿನ ಹಾಲು ಕುಡಿಯುತ್ತೇನೆ, ಮಂಡಕ್ಕಿ ತಿನ್ನುತ್ತೇನೆ. ಅಮ್ಮ ಮಡಕೆಯ ಬೆನ್ನ ಮೇಲೆ ಕಬ್ಬಿನ ಹಾಲಿನ ತೆಳ್ಳನೆ ಸಿಹಿ ತೊಡೆದೇವು ಎರೆದರೆ ತುಪ್ಪ ಹಾಕಿಕೊಂಡೇ ತಿನ್ನುತ್ತೇನೆ. ಆ ಕಾಲ ಕಳೆದ ಮೇಲೆ ಅದು ತಾನಾಗೇ ನಿಲ್ಲುತ್ತದಲ್ವಾ? ಕಳಲೆ, ಪತ್ರೊಡೆ, ಹಲಸಿನಹಣ್ಣಿನ ಕಡುಬು ಎಲ್ಲಾ ಹೀಗೇ. ಮಲೆನಾಡಿನ ಕಾಲಮಾನವೇ ಅರ್ಧ ಪಥ್ಯ ಮಾಡಿಸುತ್ತದೆ.

ಕಷ್ಟ ಇರುವುದು ಮದುವೆ, ಉಪನಯನದ ಊಟದಲ್ಲಿ. ಬಡಿಸುವವರ ಉಪಚಾರ ಗೊತ್ತಲ್ಲ, "ಬ್ಯಾಡ" ಅಂದಷ್ಟೂ ಹೋಳಿಗೆ ಎಲೆಗೆ ಬೀಳುತ್ತದೆ. ನಾನು ಕಂಡುಕೊಂಡ ಉಪಾಯ ಇದು. ಮೊದಲ ಸಲವೇ ನಗುತ್ತಾ ಒಂದು ಹಾಕಿಸಿಕೊಳ್ಳಬೇಕು. ಅರ್ಧ ತಿಂದು ಅರ್ಧವನ್ನು ಕೊನೆಯವರೆಗೆ ಎಲೆಯ ಮೇಲೇ ಇಟ್ಟುಕೊಳ್ಳಬೇಕು. ಎಲೆಯಲ್ಲಿ ಕಾಣುತ್ತಿದ್ದರೆ ಬಡಿಸುವವರು ಮುಂದೆ ಹೋಗುತ್ತಾರೆ. ಅನ್ನಕ್ಕೆ ಮೊದಲು ಪಲ್ಯ, ಕೋಸಂಬರಿ ಖಾಲಿ ಮಾಡುತ್ತೇನೆ. ನಾರು ಮೊದಲು ಹೊಟ್ಟೆಗೆ ಹೋದರೆ ಊಟದ ನಂತರ ಸಕ್ಕರೆ ಅಷ್ಟು ಜೋರಾಗಿ ಏರುವುದಿಲ್ಲ. ಊಟ ಆದ ಕೂಡಲೇ ಕುರ್ಚಿ ಹುಡುಕುವ ಬದಲು ಯಾರನ್ನಾದರೂ ಮಾತಿಗೆ ಎಳೆದುಕೊಂಡು ಸುಮ್ನೆ ಹತ್ತು ನಿಮಿಷ ಓಡಾಡುತ್ತೇನೆ.

ಬೇಸಿಗೆ, ಚಳಿಗಾಲದಲ್ಲಿ ಗಣಪತಿ ಕೆರೆ ಕಡೆ ನಡಿಗೆ. ಜುಲೈ ಬಂದರೆ ಅದು ಮುಗಿಯಿತು. ಛತ್ರಿ ಹಿಡಿದು ವ್ಯಾಯಾಮ ಮಾಡುವ ಶೌರ್ಯ ನನಗಿಲ್ಲ. ಮಳೆಗಾಲದಲ್ಲಿ ಜಗಲಿಯ ಉದ್ದಕ್ಕೂ ಅತ್ತಿಂದಿತ್ತ ನಡೆಯುತ್ತಾ ರೇಡಿಯೊ ಕೇಳುತ್ತೇನೆ. ಮನೆಯವರು ನಗುತ್ತಾರೆ, ನಗಲಿ.

ಒಂದು ವಿಷಯದಲ್ಲಿ ಮಾತ್ರ ಈ ಹದ, ರಾಜಿ ಎಲ್ಲ ಇಲ್ಲ. ಅದು ಕವಳ, ಅಂದರೆ ಎಲೆಅಡಿಕೆ. ಹೊಗೆಸೊಪ್ಪಂತೂ ಸರಿಯೇ, ಅಡಿಕೆಯನ್ನೂ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಸೇರಿಸಿದೆ. ಅಡಿಕೆ ಬೆಳೆದೇ ಉಣ್ಣುವ ನಮಗೆ ಈ ಮಾತು ಹೇಳುವುದು ಸುಲಭ ಅಲ್ಲ. ತೋಟದ ಕೆಲಸಕ್ಕೆ ಈಗಲೂ ಹೋಗುತ್ತೇನೆ, ಕವಳದ ತಟ್ಟೆ ಮುಂದೆ ಬಂದರೆ ಒಂದು ಲವಂಗ ತೆಗೆದುಕೊಂಡು ತಟ್ಟೆಯನ್ನು ಪಕ್ಕದವರಿಗೆ ದಾಟಿಸುತ್ತೇನೆ.

ಈಚೆಗೆ ಮಾಡಿಸಿದ ಪರೀಕ್ಷೆಯಲ್ಲಿ 5.8 ಬಂದಿದೆ. ಹೊಸ್ತಿಲು ಇನ್ನೂ ಪೂರ್ತಿ ಇಳಿದಿಲ್ಲ. ಮಳೆ ಹಿಡಿದ ಸಂಜೆ ಅಮ್ಮ ಹಲಸಿನ ಹಪ್ಪಳ ಕರಿದರೆ ಎಷ್ಟಕ್ಕೆ ನಿಲ್ಲಿಸಬೇಕು ಅನ್ನುವುದಕ್ಕೆ ನನಗಿನ್ನೂ ಉಪಾಯ ಸಿಕ್ಕಿಲ್ಲ.