ಘಟ್ಟದ ಏರಿನಲ್ಲಿ ನಿಲ್ಲುತ್ತಿದ್ದ ಹಳೆಯ ಡೀಸೆಲ್ ಜೀಪು
ಶಿರಸಿಯ ತೋಟಕ್ಕೆ ಗೊಬ್ಬರ ಹೊರುವ ಹಳೆಯ ಫೋರ್‌ವೀಲ್ ಜೀಪು, ಟ್ಯಾಂಕ್ ಅರ್ಧಕ್ಕಿಳಿದರೆ ದೇವಿಮನೆ ಘಟ್ಟದ ಏರಿನಲ್ಲಿ ನಿಂತುಬಿಡುತ್ತಿತ್ತು. ಡೀಸೆಲ್ ಲೈನಿನ ಕೈಪಂಪು ಒತ್ತಿದರೆ ಮತ್ತೆ ಚಾಲೂ. ಫಿಲ್ಟರ್, ಟ್ಯಾಂಕಿನಿಂದ ಡೀಸೆಲ್ ಎಳೆಯುವ ಫೀಡ್ ಪಂಪ್ ಬದಲಿಸಿದ್ದು, ಎಂಜಿನ್ನಿಗೆ ಡೀಸೆಲ್ ಸಿಂಪಡಿಸುವ ನಾಝಲ್ ಸರ್ವಿಸ್ ಮಾಡಿಸಿದ್ದು ಎಲ್ಲ ದಂಡ.

ಟ್ಯಾಂಕಿನ ಪೈಪಿಗೂ ಫೀಡ್ ಪಂಪಿಗೂ ನಡುವೆ ಪಾರದರ್ಶಕ ಹೋಸ್ ಜೋಡಿಸಿದೆ: ಗುಳ್ಳೆಗಳ ಸಾಲು. ಅದೇ ಹೋಸನ್ನು ಡೀಸೆಲ್ ಕ್ಯಾನಿಗೆ ಮುಳುಗಿಸಿದಾಗ ಗುಳ್ಳೆಯಿಲ್ಲ; ಅಂದರೆ ಗಾಳಿ ಬರುತ್ತಿದ್ದುದು ಟ್ಯಾಂಕಿನ ಕಡೆಯ ಪೈಪಿನಿಂದ. ಚಾಸಿಸ್ ಕ್ಲಿಪ್ಪಿನಡಿ ಪೈಪು ತುಕ್ಕು ತಿಂದು ತೂತಾಗಿತ್ತು. ಪಂಪು ಎಳೆಯುವ ಬದಿಯಾದ್ದರಿಂದ ಡೀಸೆಲ್ ಸೋರುವ ಬದಲು ಗಾಳಿ ಒಳಹೋಗುತ್ತದೆ; ನೆಲದ ಮೇಲೆ ಹನಿ ಹುಡುಕುವ ಮೆಕ್ಯಾನಿಕ್‌ಗೆ ಇದು ಸಿಗುವುದೇ ಇಲ್ಲ.

ಪೈಪು, ತಾಮ್ರದ ವಾಷರ್‌ಗಳನ್ನು ಹೊಸದಾಗಿ ಹಾಕಿ. ಗಾಳಿ ತೆಗೆಯಲು ಮೊದಲು ಫಿಲ್ಟರಿನ ಬ್ಲೀಡ್ ಸ್ಕ್ರೂ (ಗಾಳಿ ಬಿಡುವ ತಿರುಪು) ಸಡಿಲಿಸಿ, ಗುಳ್ಳೆ ನಿಲ್ಲುವವರೆಗೆ ಕೈಪಂಪು ಒತ್ತಿ, ಒತ್ತುತ್ತಲೇ ಬಿಗಿ ಮಾಡಿ. ನಂತರ ನಾಝಲ್‌ಗಳಿಗೆ ಡೀಸೆಲ್ ಒತ್ತುವ ಇಂಜೆಕ್ಷನ್ ಪಂಪಿನ ಬ್ಲೀಡ್ ಸ್ಕ್ರೂವಿಗೂ ಹೀಗೆಯೇ ಮಾಡಿ. ಕೊನೆಗೆ ನಾಝಲ್‌ಗಳಿಗೆ ಬರುವ ಪೈಪುಗಳ ನಟ್‌ಗಳನ್ನು ಸಡಿಲಿಸಿ, ಕೈಮುಖ ದೂರವಿಟ್ಟು ಸೆಲ್ಫ್ ಹೊಡೆಯಿರಿ. ಡೀಸೆಲ್ ಬಂದ ಮೇಲೆ ನಿಲ್ಲಿಸಿ ಬಿಗಿ ಮಾಡಿ.