ಚಂದ್ರನ ಹಬ್ಬಕ್ಕೆ ಚಕ್ಕೋತದ ದೀಪ: ಕೊಡಗಿನ ಮನೆಯಲ್ಲಿ ಮಕ್ಕಳ ಜೊತೆ ಚೀನೀ ಹಬ್ಬ

ಗಣೇಶ ಚೌತಿಯ ರಾತ್ರಿ ಚಂದ್ರನನ್ನು ನೋಡಬೇಡಿ ಅಂತ ಮಕ್ಕಳನ್ನು ಒಳಗೆ ಕರೆಯುತ್ತೇವೆ ಅಲ್ವಾ. ಹೆಚ್ಚಿನ ವರ್ಷ ಅದಾಗಿ ಹತ್ತು-ಹನ್ನೊಂದು ದಿನಕ್ಕೆ ಅದೇ ಚಂದ್ರನನ್ನು ಕಣ್ತುಂಬ ನೋಡಲಿಕ್ಕೆಂದೇ ಚೀನೀಯರ ಒಂದು ಹಬ್ಬ ಇದೆ. ಸಿಂಗಾಪುರದಲ್ಲಿದ್ದಾಗ ಪಕ್ಕದ ಮನೆಯ ಚೀನೀ ಅಜ್ಜಿ ನನ್ನ ಮಕ್ಕಳನ್ನು ಕೂರಿಸಿಕೊಂಡು ಇದನ್ನು ಮಾಡಿಸುತ್ತಿದ್ದರು. ಊರಿಗೆ ಬಂದ ಮೇಲೂ, ಸುಂಟಿಕೊಪ್ಪದ ಹತ್ತಿರದ ನಮ್ಮ ಮನೆಯಲ್ಲಿ ಬಿಟ್ಟಿಲ್ಲ. ಬೇಕಾದದ್ದೆಲ್ಲ ಇಲ್ಲೇ ಸಿಗುತ್ತದೆ.

ದಿನ ನೋಡುವುದು ಸುಲಭ. ಅವರ ಎಂಟನೇ ತಿಂಗಳು, ಅಮಾವಾಸ್ಯೆಯಿಂದ ಎಣಿಸಿ 15ನೇ ದಿನ. 2026ರಲ್ಲಿ ಸೆಪ್ಟೆಂಬರ್ 25. ನಮ್ಮ ಅಧಿಕ ಮಾಸದ ಹಾಗೆ ಅವರಲ್ಲೂ ಒಂದು ತಿಂಗಳು ಹೆಚ್ಚಾಗಿ ಬರುವುದುಂಟು, ಹಾಗಾಗಿ 2025ರಲ್ಲಿ ಚೌತಿ ಕಳೆದು ತಿಂಗಳ ಮೇಲಾಗಿ, ಅಕ್ಟೋಬರ್ 6ಕ್ಕೆ ಬಂತು.

ಎರಡು ದಿನ ಮೊದಲೇ ಕೆಲಸ ಶುರು ಮಾಡಿ. ಯಾಕೆಂದರೆ ಈ ಹಬ್ಬದ ಮೂನ್‌ಕೇಕ್ ಒಲೆಯಿಂದ ತೆಗೆದ ದಿನ ಬಿಸ್ಕೆಟಿನ ಹಾಗೆ ಗಟ್ಟಿ ಇರುತ್ತದೆ, ಡಬ್ಬಿಯಲ್ಲಿ ಮುಚ್ಚಿಟ್ಟರೆ ಒಳಗಿನ ಎಣ್ಣೆ ನಿಧಾನಕ್ಕೆ ಹೊರಗಿನ ಪದರಕ್ಕೆ ಬಂದು ಮೆತ್ತಗಾಗುತ್ತದೆ. ಮೊದಲ ಸಲ ಇದು ಗೊತ್ತಿಲ್ಲದೆ ನಾನು ಕೆಟ್ಟುಹೋಯಿತು ಅಂದುಕೊಂಡಿದ್ದೆ. 100 ಗ್ರಾಂ ಮೈದಾ, 70 ಗ್ರಾಂ ಜೇನು, 25 ಗ್ರಾಂ ಎಣ್ಣೆ, ಚಿಟಿಕೆ ಸೋಡಾ ಕಲಸಿ ಒಂದು ಗಂಟೆ ಮುಚ್ಚಿಡಿ. ಅವರು ಸಕ್ಕರೆ ಪಾಕ ಹಾಕುತ್ತಾರೆ, ನಮಗೆ ಕೊಡಗಿನ ಜೇನು ಇರುವಾಗ ಪಾಕ ಯಾಕೆ? ಹೂರಣಕ್ಕೆ ಅಲ್ಲಿ ತಾವರೆ ಬೀಜ ಜಾಸ್ತಿ, ಹೆಸರುಬೇಳೆಯೂ ಉಂಟು. 150 ಗ್ರಾಂ ಹೆಸರುಬೇಳೆ ಬೇಯಿಸಿ, ಅರೆದು, ಸಕ್ಕರೆ ಮತ್ತು ಎರಡು ಚಮಚ ಎಣ್ಣೆ ಹಾಕಿ ಬಾಣಲೆಯಲ್ಲಿ ತಳ ಬಿಡುವವರೆಗೆ ಮಗುಚಿ. ಹೋಳಿಗೆ ಹೂರಣಕ್ಕಿಂತ ಗಟ್ಟಿ ಇರಲಿ. ಕಣಕ ಸಣ್ಣ ಉಂಡೆ, ಹೂರಣ ದೊಡ್ಡ ಉಂಡೆ, ಹೋಳಿಗೆಗೆ ತುಂಬಿದ ಹಾಗೇ ತುಂಬುವುದು. ಮಕ್ಕಳಿಗೆ ಈ ಭಾಗ ಬಿಟ್ಟುಕೊಡಿ. ಹಿಟ್ಟು ಸವರಿದ ಪುಟ್ಟ ಸ್ಟೀಲ್ ಬಟ್ಟಲಿಗೆ ಒತ್ತಿ ಬೋರಲು ಹಾಕಿದರೆ ಆಕಾರ ಬರುತ್ತದೆ, ಮೇಲೆ ಫೋರ್ಕಿನಲ್ಲಿ ಗೀರಿ ಚಿತ್ರ ಬಿಡಿಸಬಹುದು. ಓವನ್ 180 ಡಿಗ್ರಿ. ಎಂಟು ನಿಮಿಷ ಆದ ಮೇಲೆ ಹೊರಗೆ ತೆಗೆದು, ಮೊಟ್ಟೆಯ ಹಳದಿ ತೆಳುವಾಗಿ ಸವರಿ, ಇನ್ನೊಂದು ಹತ್ತು ನಿಮಿಷ.

ಹಬ್ಬದ ಸಂಜೆ ಚಕ್ಕೋತ ಕೊಯ್ಯಿರಿ. ದಕ್ಷಿಣ ಚೀನಾದಲ್ಲಿ ಈ ಹಣ್ಣಿಲ್ಲದೆ ಹಬ್ಬ ಇಲ್ಲ. ಅದರ ಹೆಸರು ಅವರ ಭಾಷೆಯಲ್ಲಿ 'ಕಾಪಾಡು' ಅನ್ನುವ ಮಾತಿನ ಹಾಗೆ ಕೇಳಿಸುತ್ತದಂತೆ, ಅಜ್ಜಿ ಹೇಳಿದ್ದು. ತೊಟ್ಟಿನ ಕಡೆ ಮುಚ್ಚಳದಂತೆ ಕತ್ತರಿಸಿ, ಬೆರಳು ತೂರಿಸಿ ಸಿಪ್ಪೆ ಹರಿಯದಂತೆ ತೊಳೆಗಳನ್ನು ಬಿಡಿಸಿ. ಚಿಕ್ಕವನು ತೊಳೆ ತಿಂತಾ ಇರುತ್ತಾನೆ, ದೊಡ್ಡವಳು ಸಿಪ್ಪೆಗೆ ಕಡ್ಡಿಯಲ್ಲಿ ತೂತು ಚುಚ್ಚುತ್ತಾಳೆ. ಮೂರು ಕಡೆ ದಾರ ಕಟ್ಟಿ ಕಾಫಿ ಗಿಡ ಸವರುವಾಗ ಸಿಕ್ಕ ಕೋಲಿಗೆ ನೇತುಹಾಕಿ. ಒಳಗೆ ಪುಟ್ಟ ಮೇಣದ ಬತ್ತಿ ಹಚ್ಚಿದರೆ ಸಿಪ್ಪೆ ಬಿಸಿಯಾಗಿ ಅಂಗಳವೆಲ್ಲ ಘಮ್ ಅನ್ನುತ್ತದೆ. ತೀರ ಚಿಕ್ಕವರ ಕೈಗೆ ಬ್ಯಾಟರಿ ದೀಪವೇ ಕೊಡಿ. ಆಕಾಶಕ್ಕೆ ಹಾರಿಬಿಡುವ ಬೆಂಕಿ ದೀಪ ಮಾತ್ರ ಖಂಡಿತ ಬೇಡ. ಎಲ್ಲಿ ಬೀಳುತ್ತದೋ ಹೇಳಲಿಕ್ಕಾಗದು. ದೀಪ ಹಿಡಿದು ತೋಟದ ಒಳಗೆ ಹೋಗುವುದೂ ಬೇಡ. ಆನೆ ಓಡಾಡುವ ಜಾಗ ನಮ್ಮದು. ಅಂಗಳ ಇಲ್ಲವೇ ಟೆರೇಸು ಸಾಕು.

ಕಾಯುವ ಹೊತ್ತಿಗೆ ಕಥೆ. ಒಂದು ಕಾಲದಲ್ಲಿ ಹತ್ತು ಸೂರ್ಯ ಒಟ್ಟಿಗೆ ಹುಟ್ಟಿ ಭೂಮಿ ಸುಡುತ್ತಿತ್ತು. ಹೌ ಯಿ ಅನ್ನುವ ಬಿಲ್ಲುಗಾರ ಒಂಬತ್ತನ್ನು ಹೊಡೆದುರುಳಿಸಿದ. ಬಹುಮಾನವಾಗಿ ಸಾವಿಲ್ಲದ ಮದ್ದು ಸಿಕ್ಕಿತು. ಅದನ್ನು ಕದಿಯಲು ಅವನ ಶಿಷ್ಯನೇ ಬಂದಾಗ, ಕಳ್ಳನ ಕೈಗೆ ಸಿಗಬಾರದು ಅಂತ ಹೆಂಡತಿ ಚಾಂಗ್-ಎ ತಾನೇ ಕುಡಿದಳು. ಕುಡಿದವಳು ತೇಲುತ್ತಾ ತೇಲುತ್ತಾ ಚಂದ್ರನನ್ನು ಸೇರಿದಳು. ಗಂಡ ಕೆಳಗೆ ಅಂಗಳದಲ್ಲಿ ಅವಳಿಗೆ ಇಷ್ಟವಾದ ಹಣ್ಣು, ತಿಂಡಿ ಇಟ್ಟು ನೋಡುತ್ತಾ ಕೂತ. ಬೇರೆ ಬೇರೆ ಥರ ಹೇಳುತ್ತಾರೆ, ಮಕ್ಕಳಿಗೆ ಇದು ಚೆನ್ನ. ಕೊಡವರ ಆಯುಧ ಹಬ್ಬ ಕೈಲ್‌ಪೊಳ್ದ್‌ನಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವುದನ್ನು ನೋಡಿದ ನಮ್ಮ ಮಕ್ಕಳಿಗೆ ಹೌ ಯಿ ಕೂಡಲೇ ಹಿಡಿಸಿಬಿಡುತ್ತಾನೆ. ಕಾಗದದ ಹತ್ತು ಸೂರ್ಯರನ್ನು ಹಗ್ಗಕ್ಕೆ ಕಟ್ಟಿ, ಬಿದಿರ ಬಿಲ್ಲು ಕೊಡಿ. ಹತ್ತನೆಯದಕ್ಕೆ ಹೊಡೆಯಬಾರದು ಅನ್ನುವುದೇ ಆಟ.

ಚಂದ್ರನ ಮೇಲೆ ಒಂದು ಮೊಲವೂ ಇದೆ, ಮದ್ದು ಕುಟ್ಟುತ್ತಾ ಇರುತ್ತದೆ. ನಮಗೂ ಇದು ಹೊಸದಲ್ಲ. ಶಶಿ ಅಂದರೆ ಮೊಲ ಇರುವವನು ಅಂತಲೇ ಅರ್ಥ. ಚೀನಾ 2013ರಲ್ಲಿ ಚಂದ್ರನ ಮೇಲೆ ಓಡಿಸಿದ ಗಾಡಿಗೂ 'ಯುಟು', ಅಂದರೆ ಜೇಡ್ ಕಲ್ಲಿನ ಮೊಲ, ಅನ್ನುವ ಹೆಸರೇ. ಅದನ್ನು ಹೊತ್ತೊಯ್ದ ನೌಕೆಯ ಹೆಸರು ಚಾಂಗ್-ಎ. ಚಂದ್ರಯಾನ ಗೊತ್ತಿರುವ ಮಕ್ಕಳಿಗೆ ಇದನ್ನು ಮರೆಯದೆ ಹೇಳಿ. ಮೊಲ ಕಾಣಬೇಕಾದರೆ ಚಂದ್ರ ಮೂಡುವಾಗಲೇ ನೋಡಿ, ಆಗ ಅದು ನೆಟ್ಟಗೆ ಕೂತಂತೆ, ಕಿವಿ ಮೇಲಾಗಿ ಇರುತ್ತದೆ.

ಕೇಕನ್ನು ಒಬ್ಬೊಬ್ಬರಿಗೆ ಒಂದೊಂದು ಕೊಡಬೇಡಿ. ಒಂದನ್ನೇ ತೆಳುವಾಗಿ ಕತ್ತರಿಸಿ ಎಲ್ಲರೂ ಹಂಚಿಕೊಳ್ಳುವುದು ಕ್ರಮ. ದೂರದಲ್ಲಿರುವವರನ್ನು ನೆನೆಯುವ ದಿನವೂ ಹೌದು, ಬೆಂಗಳೂರಿನಲ್ಲಿರುವ ಮಾವನಿಗೋ ದುಬೈನಲ್ಲಿರುವ ಚಿಕ್ಕಪ್ಪನಿಗೋ ಮಕ್ಕಳಿಂದ ಫೋನ್ ಮಾಡಿಸಿ, ಅಲ್ಲಿಂದಲೂ ಚಂದ್ರ ಕಾಣ್ತಾನಾ ಅಂತ ಕೇಳಲಿ.

ಇನ್ನು ಮಳೆ. ಸೆಪ್ಟೆಂಬರಿನಲ್ಲಿ ನಮ್ಮಲ್ಲಿ ಮೋಡ ಬಿಡುವುದು ಕಷ್ಟ. ಚಿಂತೆ ಬೇಡ, ಹದಿನೈದರ ಚಂದ್ರ ಹದಿನಾರಕ್ಕೇ ದುಂಡಗೆ ಅನ್ನುವ ಮಾತು ಚೀನೀಯರಲ್ಲೇ ಇದೆ. 2026ರಲ್ಲಿ ನಮ್ಮ ಹುಣ್ಣಿಮೆಯೂ ಸೆಪ್ಟೆಂಬರ್ 26ಕ್ಕೇ. ಅದಕ್ಕೇ ನಾನು ಎರಡು ಕೇಕ್ ತೆಗೆದಿಡುತ್ತೇನೆ, ಚಕ್ಕೋತದ ದೀಪವನ್ನು ಜಗಲಿಯಲ್ಲೇ ಬಿಟ್ಟಿರುತ್ತೇನೆ. ಮರುದಿನ ರಾತ್ರಿ ಒಂದು ಹತ್ತು ನಿಮಿಷ ಮೋಡ ಸರಿದರೂ ಸಾಕು, ಮಲಗಿದ ಮಕ್ಕಳನ್ನು ಎಬ್ಬಿಸಿ.